ಕಿಣ್ವಕ್ಕ ಹಚ್ಚಿದ ಸೆರಗು

ನಗಬಾರದ ಹೊತ್ತಿನಾಗ ನಗು ಬರೂದು ನಮ್ಮ ಮನಿತನದ ರೋಗ. ಇನ್ನೊಂದು ರೋಗಾನೂ ಐತಿ, ಅದು ಆಮ್ಯಾಲೆ ಗೊತ್ತಾತು. ಈಗ ಎರಡೂ ಜೋಡೀಲೇ ಬರ್ತಾವ.

೧. ಪಾಠ

ನಾ ಹುನಗುಂದದ ಕಾಲೇಜಿನ್ಯಾಗ ಜೀವಶಾಸ್ತ್ರದ ಮಾಸ್ತರ, ಮನಿ ಇಳಕಲ್ಲಿನ್ಯಾಗ. ಅವತ್ತು ಮೈಯಾಗ ಪ್ರೋಟೀನು ಕಟ್ಟಾಕ ಬೇಕಾದ ಕಿಣ್ವದ ಪಾಠ ನಡದಿತ್ತು. ಮೊದಲ ಅದಕ್ಕ ಒಂದೇ ಕೆಲಸ: ಸರಿಯಾದ ಅಮೈನೋ ಆಮ್ಲ ಹಿಡದು, ಹೊತ್ಕೊಂಡು ಹೋಗೂ ಆರ್‌ಎನ್‌ಎಗೆ ಹಚ್ಚೂದು. ಆ ಹಳೇ ತಿರುಳು ಹಂಗ ಉಳೀತು. ಕೋಟಿಗಟ್ಟಲೆ ವರ್ಷದಾಗ ಅದಕ್ಕ ಡೊಮೇನ್ ಅನ್ನೂ ಹೊಸ ತುಂಡು ಕೂಡಿ, ಕಿಣ್ವ ಬ್ಯಾರೆ ಕೆಲಸಾನೂ ಕಲೀತು. ಹುಡುಗರ ಮಾರಿ ನೋಡಿದ್ರ ಯಾರಿಗೂ ಏನೂ ತಿಳದಿದ್ದಿಲ್ಲ. ಇಳಕಲ್ ಸೀರಿಗೆ ಹತ್ತಿ ಮೈಗೆ ರೇಷ್ಮಿ ಸೆರಗು ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತಾರಲ್ಲ, ಹಂಗ ಅಂದೆ.

ಕೂಡೂದ್ರಾಗ ಎಡವಟ್ಟಾದ್ರ ಏನಾಕ್ಕೈತ್ರಿ ಸರ್ ಅಂತ ಒಬ್ಬಾಕಿ ಕೇಳಿದ್ಲು. ಹೇಳಾಕ ಬಾಯಿ ತೆರದೆ, ಕೈಯಾಗಿನ ಚಾಕ್‌ಪೀಸ್ ಜಾರಿ ಬಿತ್ತು. ತಗೊಳ್ಳಾಕ ಹೋದ್ರ ಪಾದ ಮ್ಯಾಲೇಳವಲ್ದು, ಕಟ್ಟಿ ಮ್ಯಾಲಿಂದ ದಬಕ್ಕನ ಬಿದ್ದೆ. ಇದೂ ಪಾಠದಾಗಿಂದ ಅಂತ ತಿಳದು ಇಡೀ ಕ್ಲಾಸು ಚಪ್ಪಾಳಿ ತಟ್ಟಿತು. ಹಿಂದಿನ ಬೆಂಚಿನವ, ತನಗ ಕಾಣಲಿಲ್ಲ, ಇನ್ನೊಮ್ಮೆ ತೋರಸ್ರಿ ಸರ್ ಅಂದ.

೨. ಹಳೇ ವಿದ್ಯಾರ್ಥಿ

ಬಾಗಲಕೋಟಿಯ ನರದ ಡಾಕ್ಟರು ನನ್ನ ಹಳೇ ವಿದ್ಯಾರ್ಥಿ. ನನ್ನ ರಕ್ತದ ತಪಾಸಣಿ ವರದಿ ಬಂದಿತ್ತು. ತಲಿ ತಗ್ಗಿಸಿ, ನೀವು ಕಲಿಸಿದ ಕಿಣ್ವದಾಗನ ದೋಷ ಐತ್ರಿ ಸರ್ ಅಂದ. ಕೈಕಾಲು ಸಾವಕಾಶ ಸೋಲ್ತಾವ, ವಾಸಿ ಮಾಡೂ ಔಷಧ ಇಲ್ಲ. ಆಮ್ಯಾಲೆ ನನಗ ನನ್ನ ಸೀರಿ ಕತೀನ ಹೇಳಾಕ ಹತ್ತಿದ, ಕೊಂಡಿ ಹರದು ಪ್ರೋಟೀನು ಕಟ್ಟೂದ ನಿಂತೈತಿ ಅಂತ.

ತಪ್ಪು! ನಿಂತಿದ್ರ ನಾ ಹುಟ್ಟತಿದ್ದೇ ಇಲ್ಲ. ನನ್ನ ಕಿಣ್ವ ಹಳೇ ಕೆಲಸ ಮಾಡ್ತೈತಿ. ಆಕಾರ ಸಡಲಾಗಿ, ಒಳಗ ಮಡಚಿಕೊಂಡಿರಬೇಕಾದ ಭಾಗ ಹೊರಗ ಬಿದ್ದು, ಕರೀದಿದ್ರೂ ನರದಾಗ ಹೋಗಿ ಕೈ ಹಾಕ್ತೈತಿ. ರೋಗಕ್ಕಿಂತ ಅವನ ಉತ್ತರಕ್ಕ ನನಗ ಹೆಚ್ಚು ಸಿಟ್ಟು ಬಂತು, ಪೂರಾ ಬಿಡಿಸಿ ಹೇಳಿದೆ. ತನ್ನ ಮನಿ ಕೆಲಸ ಮಾಡಿ ಮಂದಿ ಮನ್ಯಾಗೂ ಕೈ ಹಾಕ್ತೈತಿ ಅಂದ್ರ ಥೇಟ್ ನಿಮ್ಮ ಅಕ್ಕನಂಗ ಅಂದ್ಲು ಜೋಡಿ ಬಂದಿದ್ದ ನನ್ನ ಹೆಂಡತಿ.

೩. ಉಪ್ಪಿನಕಾಯಿ

ಹೊರಡೂ ಮುಂದ ಡಾಕ್ಟರು ಇನ್ನೊಂದು ಮಾತು ಹೇಳಿದ್ದ. ಮಗಳಿಗೂ ಬಂದಿರಬಹುದು, ಬರದನೂ ಇರಬಹುದು, ಆಕಿ ರಕ್ತ ಕೊಟ್ರ ಗೊತ್ತಾಕ್ಕೈತಿ. ನಮಗ ಒಬ್ಬಾಕೇ ಮಗಳು. ಅಜ್ಜಿ ಕೈಯಾಗ ಕೊಂಡಿ ಹಾಕೂದು ಕಲತು ಮಗ್ಗಕ್ಕ ಕುಂತಾಕಿ, ಬೆರಳೇ ಆಕಿ ಬದುಕು. ರಕ್ತ ಕೊಡವ್ವಾ ಅನ್ನಾಕ ನನಗ ಭಾಳ ಅಂಜಿಕಿ ಆತು. ಅದಕ್ಕ, ಊಟಕ್ಕ ಕುಂತಾಗೆಲ್ಲ ಉಪ್ಪಿನಕಾಯಿ ಬಾಟ್ಲಿ ಆಕಿ ಮುಂದ ಹಿಡದು ಮುಚ್ಚಳ ತಗೀ ಅಂತಿದ್ದೆ. ತಗದ್ಲಂದ್ರ ನನಗ ರೊಟ್ಟಿ ಇಳೀತಿತ್ತು.

ಒಂದಿನ ಮುಚ್ಚಳ ಬರಲಿಲ್ಲ. ಓಢಣಿ ಸುತ್ತಿ ತಿರುವಿದ್ಲು, ಆದ್ರೂ ಬರಲಿಲ್ಲ. ನನ್ನ ಕಣ್ಣಾಗ ನೀರು ಬಂದುವು. ಬಾಜೂ ಮನಿ ಪೈಲವಾನನ್ನ ಕರದೆ, ಅವನ ಕೈಲೂ ಆಗಲಿಲ್ಲ. ಆಗ ಹೆಂಡತಿ ಒಲಿ ಮುಂದಿಂದ ಎದ್ದು ಬಂದ್ಲು.

"ಚಪ್ಪಲ್‌ಗೆ ಹಚ್ಚೂ ಅಂಟು ಹಚ್ಚೇನಿ. ದಿನಾ ಆ ಹುಡುಗಿ ಕೈ ಪರೀಕ್ಷಾ ಮಾಡೂದು ಇನ್ನರ ಬಿಡ್ರಿ."

ಮಗಳು ಬಾಟ್ಲಿ ಕೆಳಗಿಟ್ಲು. "ಅವ್ವ ನನಗ ಎಲ್ಲಾ ಹೇಳ್ಯಾಳಪ್ಪಾ. ಬಾಗಲಕೋಟಿಗೆ ಹೋಗಿ ರಕ್ತ ಕೊಟ್ಟು ಬಂದಿದ್ದೆ. ಇವತ್ತ ಫೋನ್ ಬಂತು. ನನಗೂ ಐತಿ."

ಪೈಲವಾನ್ ಎದ್ದು ಹೊರಗ ಹೋದ. ಹೆಂಡತಿ ತನ್ನ ಅಂಟಿನ ಕೈ ನೋಡ್ಕೋತ ಅಲ್ಲೇ ಕುಂತಬಿಟ್ಲು. ನಾ ಬಾಟ್ಲಿ ತಗೊಂಡು ಮುಚ್ಚಳ ತಿರುವಾಕ ಹತ್ತಿದೆ.

"ನಾಳಿಂದ ಉಪ್ಪಿನಕಾಯಿ ಮುಚ್ಚಳ ಇಲ್ಲದ ಡಬ್ಬ್ಯಾಗ ಇಡು ಬೇ" ಅಂದ್ಲು ಮಗಳು, ಅವ್ವನ್ನ ನೋಡಿ. "ಇನ್ನ ಅಪ್ಪಗೂ ತಗಿಯಾಕ ಬರೂದಿಲ್ಲ, ನನಗೂ ಬರೂದಿಲ್ಲ."

ಅಂದು ತಾನ ಮೊದಲ ನಕ್ಲು. ಆಕಿಗೆ ನಮ್ಮ ಮನಿತನದ ಎರಡೂ ರೋಗ ಬಂದಾವ.