ಕಲ್ಲುಸಕ್ಕರೆ ಕರಗುವತನಕ

ನಮ್ಮ ಸೋದರಮಾವ ಸೇಡಂ ತಾಲೂಕಿನ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಅಷ್ಟು ವರ್ಷಗಳಲ್ಲಿ ಅವರು ಯಾರಿಗೂ ಏನನ್ನೂ ಹೇಳಿಕೊಡಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ಯಾಕೆಂದರೆ ಅವರ ಕೈಕೆಳಗೆ ನಾಲ್ಕು ವರ್ಷ ಓದಿದವಳು ನಾನೇ!

ಇದು ನನ್ನೊಬ್ಬಳ ದೂರಲ್ಲ. ಅವರು ಆಡಕಿ ಎಂಬ ಊರಲ್ಲಿದ್ದಾಗ ರೈತರೊಬ್ಬರು ಹೊಲದ ಕೆಲಸ ಬಿಟ್ಟು ಶಾಲೆಗೇ ಬಂದಿದ್ದರು.

"ಮಾಸ್ತರ್ರೇ, ನಮ್ಮ ಹುಡುಗ ದಿನಾ ಮನಿಗಿ ಬಂದು, 'ಇವತ್ತ ಮಾಸ್ತರಿಗಿ ಭಾಗಾಕಾರ ತಪ್ಪಿತ್ತು, ನಾನೇ ಹೇಳಿಕೊಟ್ಟೆ' ಅಂತಾನ. ಖರೇ ಏನ್ರಿ?"

"ಖರೇ ಅದರಿ," ಎಂದರು ಮಾವ. "ಭಾಳ ಚಲೋ ಹೇಳಿಕೊಡ್ತಾನ."

"ಹಂಗಾದ್ರ ಪಗಾರ ಯಾರಿಗಿ ಬರಬೇಕ್ರಿ?"

ಮಾವನ ಬಳಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಇದ್ದರೂ ಅವರು ಹೇಳುತ್ತಿರಲಿಲ್ಲ. ಉತ್ತರ ಹೇಳುವುದು ಅವರ ಜಾತಕದಲ್ಲೇ ಬರೆದಿಲ್ಲ. ಅಂಗಿಯ ಕಿಸೆಯಲ್ಲಿ ಸದಾ ಒಂದು ತಗಡಿನ ಡಬ್ಬಿ, ಅದರ ತುಂಬ ಕಲ್ಲುಸಕ್ಕರೆ. ತರಗತಿಯಲ್ಲಿ ಪ್ರಶ್ನೆ ಕೇಳಿದ ಕೂಡಲೇ ಒಂದು ಹರಳು ತೆಗೆದು ತಮ್ಮ ಬಾಯಿಗೇ ಹಾಕಿಕೊಳ್ಳುತ್ತಿದ್ದರು. ಅದು ಕರಗುವತನಕ ಮಾಸ್ತರು ಮೂಕ. ನಾವು ಕಿಟಕಿ ನೋಡಿ, ಜಂತಿ ನೋಡಿ, ಪಕ್ಕದವಳ ಜಡೆ ನೋಡಿ, ಇನ್ನು ನೋಡಲು ಏನೂ ಉಳಿಯದೆ ಕೊನೆಗೆ ವಿಚಾರ ಮಾಡಲು ಶುರುಮಾಡುತ್ತಿದ್ದೆವು. ಇದೇನು ಪದ್ಧತಿ ಎಂದು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ.

"ನನ್ನ ನಾಲಗಿ ಭಾಳ ಸೊಕ್ಕಿಂದದವ್ವ," ಎಂದರು. "ಹುಡುಗ್ರು ವಿಚಾರ ಮಾಡೋದರೊಳಗ ತಾನೇ ಉತ್ತರ ಹೇಳಿಬಿಡ್ತದ. ಅದಕ್ಕೇ ಅದಕೊಂದು ಕೆಲಸ ಹಚ್ಚೀನಿ."

ಈ ರೋಗ ಶಾಲೆಯ ಗೋಡೆಯೊಳಗೇ ಇದ್ದಿದ್ದರೆ ನಮ್ಮ ತಕರಾರಿರಲಿಲ್ಲ. ಒಮ್ಮೆ ಮುಂಜಾನೆ ವಾಡಿ ಸ್ಟೇಷನ್ನಿನಲ್ಲಿ ಮಾವ, ಅತ್ತೆ, ನಾನು ಮತ್ತು ಒಂದು ಉಪ್ಪಿನಕಾಯಿ ಭರಣಿ ಸೇಡಮಿಗೆ ಹೊರಟು ನಿಂತಿದ್ದೆವು. ಗಾಡಿ ಬಂತು. ಗುರುತಿಲ್ಲದ ಒಬ್ಬರು ಓಡಿಬಂದು, "ಯಜಮಾನ್ರೇ, ಈ ಗಾಡಿ ಸೇಡಂಕ ಹೋಗ್ತದೇನ್ರಿ?" ಎಂದು ಕೇಳಿದರು. ಪಾಪ, ಅಷ್ಟು ದೊಡ್ಡ ಪ್ಲಾಟ್‌ಫಾರ್ಮಿನಲ್ಲಿ ಅವರಿಗೆ ನಮ್ಮ ಮಾವನೇ ಸಿಗಬೇಕೆ?

"ಸೇಡಂ ಇಲ್ಲಿಂದ ಯಾವ ದಿಕ್ಕಿಗದ? ಸೂರ್ಯ ಎಲ್ಲಿದ್ದಾನ? ಇಂಜಿನ್ ಯಾವ ಕಡಿ ಮುಖ ಮಾಡ್ಯದ? ಜರಾ ನೋಡ್ರಿ," ಎಂದವರೇ ಡಬ್ಬಿ ತೆಗೆದು ಹರಳು ಬಾಯಿಗೆ ಹಾಕಿಕೊಂಡರು.

ಕೇಳಿದವರು ಚೀಲ ಹೊತ್ತುಕೊಂಡೇ ಒಂದು ಸುತ್ತು ತಿರುಗಿದರು. ಸೂರ್ಯನನ್ನು ನೋಡಿದರು. ಇಂಜಿನ್ ನೋಡಿದರು. ಬೆರಳು ಮಡಿಸಿದರು. ಕೊನೆಗೆ, "ಮೂಡಣಕ್ಕ ಹೊಂಟದ. ಸೇಡಂ ಗಾಡಿ ಇದೇ ಅದರಿ," ಎಂದರು. ಉತ್ತರ ಸರಿಯಾಗಿತ್ತು. ಅಷ್ಟರಲ್ಲಿ ಗಾಡಿಯ ಕೊನೆಯ ಬೋಗಿ ನಮ್ಮನ್ನು ದಾಟಿ ಹೋಗುತ್ತಿತ್ತು.

"ಬರೋಬ್ಬರಿ ಹೇಳಿದ್ರಿ. ಇನ್ನ ಈ ಜನ್ಮದಾಗ ಮರೆಯಂಗಿಲ್ಲ ನೋಡ್ರಿ," ಎಂದು ಮಾವ ಅವರ ಬೆನ್ನು ತಟ್ಟಿದರು. ನಾವೂ ಅದೇ ಗಾಡಿ ಹತ್ತಬೇಕಿತ್ತು ಎಂಬುದು ಆಮೇಲೆ ನೆನಪಾಯಿತು. ಮುಂದಿನ ಗಾಡಿ ಬರುವತನಕ ಅತ್ತೆ ಒಂದು ಮಾತೂ ಆಡಲಿಲ್ಲ. ಅವರಿಗೆ ಕಲ್ಲುಸಕ್ಕರೆಯ ಅಗತ್ಯವೂ ಬೀಳಲಿಲ್ಲ.

ಇನ್ನು ಅವರ ಜೂನ್ ತಿಂಗಳ ಕಥೆ ಬೇರೆ. ಪ್ರತಿವರ್ಷ ಶಾಲೆ ಶುರುವಾಗುವ ಹೊತ್ತಿಗೆ ತಮಗೆ ಸುತರಾಂ ಬಾರದ ಒಂದು ವಿದ್ಯೆಯನ್ನು ಕಲಿಯಲು ಹಿಡಿಯುತ್ತಿದ್ದರು. "ಬರಲಾರದ್ದು ಹ್ಯಾಂಗಿರ್ತದ ಅಂಬೋದು ಮಾಸ್ತರಿಗಿ ಮರೀಬಾರ್ದು. ಮರೆತರ ಹುಡುಗ್ರ ಮ್ಯಾಲ ಸಿಟ್ಟು ಬರ್ತದ," ಎನ್ನುವುದು ಅವರ ಸಿದ್ಧಾಂತ. ಸಿದ್ಧಾಂತ ಚೆನ್ನಾಗಿದೆ. ಅನುಭವಿಸುವವರು ಓಣಿಯವರು! ಹಾರ್ಮೋನಿಯಂ ಕಲಿತ ವರ್ಷ ಪಕ್ಕದ ಮನೆಯವರು ತಮ್ಮ ಎಮ್ಮೆಯನ್ನು ಬೇರೆ ಕಡೆ ಕಟ್ಟಿದರು. ಐವತ್ತು ದಾಟಿದ ಮೇಲೆ ಸೈಕಲ್ ಕಲಿಯಲು ಹೋಗಿ ಮೂರು ಸಲ ಒಂದೇ ತೊಗರಿ ಹೊಲಕ್ಕೆ ಬಿದ್ದರು. ಹೊಲದವರು ನಾಲ್ಕನೆಯ ಸಲ, "ಮಾಸ್ತರ್ರೇ, ಈ ಸಲ ಆ ಬದಿ ಹೊಲಕ್ಕ ಬೀಳ್ರಿ, ಅವರೂ ನಿಮ್ಮ ಶಿಷ್ಯರೇ ಅದಾರ," ಎಂದರಂತೆ.

ಜೋಳದ ರೊಟ್ಟಿ ಬಡಿಯಲು ಕಲಿತ ವರ್ಷ ನಾನೂ ಅಲ್ಲಿದ್ದೆ. ಅತ್ತೆ ತಟ್ಟೆಯಲ್ಲಿ ಒಂದೊಂದೇ ತಂದಿಟ್ಟು, "ನಿನ್ನಿ ಚಿತ್ತಾಪುರ ತಾಲೂಕ ಬಡದಿದ್ರು. ಇವತ್ತ ಚಿಂಚೋಳಿ ಬಂದದ, ಉಣ್ಣು," ಎನ್ನುತ್ತಿದ್ದರು. ಮಾವ ಒಲೆಯ ಮುಂದಿನಿಂದಲೇ, "ಗಡಿ ಬರೋಬ್ಬರಿ ಅದ ಇಲ್ಲೊ ನೋಡು ಅಷ್ಟ," ಎಂದು ಕೂಗುತ್ತಿದ್ದರು.

ಇಂಥವರ ಸೋದರಸೊಸೆಯಾದ ನಾನು ಟೀಚರ್ ಆದೆ. ತೆಲುಗು ನಾಡಿನ ಗಡಿಗೆ ಹತ್ತಿದ ಕುಂಚಾವರಂ ಕಡೆ, ಒಂದು ಲಂಬಾಣಿ ತಾಂಡಾದ ಆಚೆ, ಕಾಡಿನ ಅಂಚಿನ ಪುಟ್ಟ ಶಾಲೆ. ನನಗೊಂದು ಚಟವಿದೆ: ಪ್ರಶ್ನೆ ನಾನೇ ಕೇಳಿ, ಉತ್ತರವನ್ನೂ ನಾನೇ ಹೇಳಿ, ಮಕ್ಕಳಿಂದ "ಹೌದ್ರಿ ಟೀಚರ್" ಅನ್ನಿಸಿಕೊಳ್ಳುವುದು. ಹೀಗೆ ದಿನಕ್ಕೆ ಮೂರು ಪಾಠ ಮುಗಿಸುತ್ತಿದ್ದೆ. ಆದರೆ ಎಂಟು ವರ್ಷದ ಒಂದು ಹುಡುಗಿ "ಹೌದ್ರಿ" ಕೂಡ ಅನ್ನುತ್ತಿರಲಿಲ್ಲ. ಮನೆಯಲ್ಲಿ ಅವಳದು ತೆಲುಗು. ಶಾಲೆಯಲ್ಲಿ ಎರಡು ತಿಂಗಳಿಂದ ಬಾಯಿಗೆ ಬೀಗ. ನಾನು ಫೋನು ಮಾಡಿ, "ಮಾಮಾ, ಇಕಿ ತಲಿಗಿ ಏನೂ ಹತ್ತಂಗಿಲ್ರಿ," ಎಂದು ತೀರ್ಪು ಕೊಟ್ಟೆ.

ಮರುದಿನವೇ ಮಾವ ಎರಡು ಬಸ್ಸು ಬದಲಿಸಿ ಬಂದಿಳಿದರು. ನನ್ನ ಕುರ್ಚಿಯಲ್ಲಿ ಕುಳಿತುಕೊಳ್ಳಲಿಲ್ಲ. ಆ ಹುಡುಗಿಯ ಪಕ್ಕದಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ ಕುಂತು, ಸೀಮೆಸುಣ್ಣದಿಂದ ಒಂದು ಕೋಳಿ ಬರೆಯತೊಡಗಿದರು. ಕೊಕ್ಕು ಬಂತು, ಪುಕ್ಕ ಬಂತು. ಆಮೇಲೆ ಒಂದು ಕಾಲು, ಎರಡು ಕಾಲು, ಮೂರು ಕಾಲು, ನಾಲ್ಕು ಕಾಲು.

ನಾನು ಬಾಯಿ ತೆರೆದೆ. ತೆರೆದ ಬಾಯಿಗೆ ಮಾವ ಒಂದು ಹರಳು ತುರುಕಿದರು. ತಾವೂ ಒಂದು ಹಾಕಿಕೊಂಡು ಗಪ್ಪನೆ ಕುಳಿತರು. ಮಕ್ಕಳು ಕಿಸಕ್ಕೆಂದರು. ಹುಡುಗಿ ಕೋಳಿಯನ್ನು ನೋಡಿದಳು, ಮಾವನನ್ನು ನೋಡಿದಳು. ಅವಳಿಗೆ ತಡೆಯಲಾಗಲಿಲ್ಲ. ಲಂಗದ ತುದಿಯಿಂದ ಎರಡು ಕಾಲು ಒರೆಸಿಹಾಕಿ, ಕೋಳಿಗೆ ಇರುವುದು ಎರಡೇ ಕಾಲು ಎಂದು ತೆಲುಗಿನಲ್ಲಿ ಗದರಿದಳು.

"ಹೌದಾ? ನಮ್ಮ ಸೇಡಂ ಕೋಳಿಗಿ ನಾಲ್ಕವ," ಎಂದರು ಮಾವ.

"ಇಲ್ಲ," ಎಂದಳು ಹುಡುಗಿ, ಈ ಸಲ ಕನ್ನಡದಲ್ಲಿ. "ಎರಡು."

ನನ್ನ ಶಾಲೆಯಲ್ಲಿ ಅವಳು ಆಡಿದ ಮೊದಲ ಕನ್ನಡ ಮಾತು, ಒಬ್ಬ ಮಾಸ್ತರರಿಗೆ ತಪ್ಪು ಎಂದು ಹೇಳಿದ್ದು. ಸಂಜೆ ಬಸ್ಸಿಗೆ ಬಿಡಲು ಹೋದಾಗ ನನಗೆ ನಾಚಿಕೆಯಾಗಿತ್ತು. ಮಾವ ಬೈಯಲಿಲ್ಲ. ನನ್ನ ತೀರ್ಪಿನ ಮಾತನ್ನೇ ಎತ್ತಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಮಾತು ನಿಧಾನವಾಯಿತು. ಡಾಕ್ಟರು ಸಕ್ಕರೆ ಮುಟ್ಟಬೇಡಿ ಎಂದರು. ಮಾವ ಎಡಗೈಯಿಂದ ಆ ತಗಡಿನ ಡಬ್ಬಿಯನ್ನು ನನ್ನ ಕಡೆ ಸರಿಸಿ, "ನಿನಗೇ ಇದು ಭಾಳ ಬೇಕಾಗ್ತದ," ಎಂದರು. ನಗುತ್ತಲೇ ಎಂದರು. ನಾನು ನಗಲಿಲ್ಲ.

ಜೂನ್ ಬಂತು. ಮೊನ್ನೆ ಭಾನುವಾರ ಸೇಡಮಿಗೆ ಹೋದೆ. ಆ ಹುಡುಗಿ ನನ್ನ ಕೈಯಲ್ಲಿ ಮಾವನಿಗೊಂದು ಕಾಗದ ಕಳಿಸಿದ್ದಳು. ಬಿಡಿಸಿದರೆ, ನಾಲ್ಕು ಕಾಲಿನ ಕೋಳಿಯ ಚಿತ್ರ. ಕೆಳಗೆ ದಪ್ಪ ಕನ್ನಡ ಅಕ್ಷರಗಳಲ್ಲಿ: ಸೇಡಂ ಕೋಳಿ.

ಮಾವ ಬಹಳ ಹೊತ್ತು ನೋಡಿದರು. ಆಮೇಲೆ ನೆಲಕ್ಕೆ ಕುಂತರು. ಈ ವರ್ಷ ಕಲಿಯುವುದು ಏನೆಂದು ಕೇಳುವ ಅಗತ್ಯವಿರಲಿಲ್ಲ. ಮುಂದೆ ಹಾಳೆ ಹರಡಿ, ಎಡಗೈಯಲ್ಲಿ ಪೆನ್ಸಿಲ್ ಹಿಡಿದರು.

"ನಾನೇ ಬರೀತೀನಿ. ನಮ್ಮ ಸಣ್ಣ ಟೀಚರಿಗಿ ಜವಾಬು ಕೊಡಬೇಕು," ಎಂದರು, ಒಂದೊಂದೇ ಮಾತು ಹೆಕ್ಕಿ.

ಪೆನ್ಸಿಲ್ ಜಾರಿತು. ಮತ್ತೆ ಹಿಡಿದರು. ಗೆರೆ ಕೊಕ್ಕಿನತ್ತ ಹೊರಟು ಎತ್ತಲೋ ಹೋಯಿತು. ಹಾಳೆ ಬದಲಾಯಿತು. ಹಣೆಯಲ್ಲಿ ಬೆವರು. ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಅತ್ತೆ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದರು.

"ಜರಾ ಕೈ ಹಿಡಿದು ಬರಸವ್ವ. ಭಾಳ ಪರೇಶಾನ ಆಗ್ಲಿಕತ್ತಾರ," ಎಂದರು.

ಹಿಡಿದು ಬರೆಸಿದ್ದರೆ ಒಂದು ನಿಮಿಷದ ಕೆಲಸ. ಚೀಲದಿಂದ ಡಬ್ಬಿ ತೆಗೆದೆ. ಒಂದು ಹರಳು ಬಾಯಿಗೆ ಹಾಕಿಕೊಂಡು ಎರಡೂ ಕೈ ಮಡಿಲಲ್ಲಿ ಕಟ್ಟಿಕೊಂಡು ಕುಳಿತೆ. ಮಾವ ತಲೆಯೆತ್ತಿ ನನ್ನ ಉಬ್ಬಿದ ಗಲ್ಲ ನೋಡಿದರು. ಅವರ ಕಣ್ಣು ತುಂಬಿತು. ಮತ್ತೆ ಹಾಳೆಗೆ ಬಾಗಿದರು.

ಹರಳು ಕರಗುವಷ್ಟರಲ್ಲಿ ಕೋಳಿಗೆ ಒಂದು ಕಾಲು ಬಂದಿತ್ತು. ನಾನು ಇನ್ನೊಂದು ಹರಳು ಬಾಯಿಗೆ ಹಾಕಿಕೊಂಡೆ.