ರಘುನಾಥ ಮೇಷ್ಟರ ಗಂಟು, ತುಳಸಮ್ಮನ ಸರ

ರಘುನಾಥ ಮೇಷ್ಟರ ನಾಲಿಗೆಯ ಕೆಳಗೆ ಒಂದು ಗುಳ್ಳೆ ಎದ್ದಿತ್ತು. ಮೊದಲು ಕಡಲೆಕಾಳಿನಷ್ಟಿದ್ದದ್ದು ಬೆಳೆದು ಬೆಳೆದು, ಬಾಯಲ್ಲಿ ಜಾಗ ಸಾಲದೆ ದವಡೆಯ ಕೆಳಕ್ಕೂ ಇಳಿದು, ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟಾಗಿ ಕೂತಿತು. ತಮಿಳುನಾಡಿನ ಗಡಿಯೂರು ಹೊಸೂರಿನ ಶಾಲೆಯಲ್ಲಿ ಕನ್ನಡ ಹೇಳಿಕೊಡುವ ಮನುಷ್ಯ ಬಿಸಿ ಮುದ್ದೆ ಬಾಯಲ್ಲಿಟ್ಟುಕೊಂಡವರ ಹಾಗೆ ಮಾತಾಡಿದರೆ ಮಕ್ಕಳು ಸುಮ್ಮನಿರುತ್ತಾರೆಯೇ? ಏಳನೇ ತರಗತಿಯವರಂತೂ ಪದ್ಯಗಳನ್ನೆಲ್ಲ ಮೇಷ್ಟರ ಹಾಗೇ ಓದತೊಡಗಿದ್ದರು.

"ಜೊಲ್ಲಿನ ಗ್ರಂಥಿ ಸೋರಿ ತುಂಬ್ಕೊಂಡಿದೆ. ಸೂಜಿ ಚುಚ್ಚಿ ತೆಗೆದ್ರೆ ಮತ್ತೆ ತುಂಬತ್ತೆ. ಬಾಯೊಳಗಿಂದ್ಲೇ ಆ ಗ್ರಂಥಿ ತೆಗೆದುಬಿಡೋಣ" ಎಂದಿದ್ದರು ಡಾಕ್ಟರ್ ಮುರಳಿ. ಅವರು ಆಸ್ಪತ್ರೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಹೋದ ಸಲ ಪಕ್ಕದ ಮನೆಯ ತುಳಸಮ್ಮ ಬಲವಂತವಾಗಿ ಕಾಫಿ ಕುಡಿಸಿದ್ದರಿಂದ, ಖಾಲಿ ಹೊಟ್ಟೆಯಲ್ಲಿ ಬಂದಿಲ್ಲವೆಂದು ಆಪರೇಷನ್ ತಪ್ಪಿತ್ತು. ಈ ಸಲ ಏನೇ ಆದರೂ ತಪ್ಪಬಾರದೆಂದು ಮೇಷ್ಟರು ಬೆಳಿಗ್ಗೆ ಹಿಂಬಾಗಿಲಿನಿಂದ ನುಸುಳಿದರು.

ತುಳಸಮ್ಮ ಹಿತ್ತಲಲ್ಲೇ ಬಟ್ಟೆ ಒಣಹಾಕುತ್ತಿದ್ದರು.

"ಕುಯ್ಸ್ಕೊಳಕ್ಕೆ ಹೊಂಟ್ಯೇನಪ್ಪಾ? ಇದು ಮಂಗನಬಾವು ಕಣಪ್ಪಾ! ಕತ್ಗೆ ಚಿನ್ನ ಹಾಕ್ಕೊಂಡ್ರೆ ತಾನೇ ಇಳ್ದೋಯ್ತದೆ. ಯಾರನ್ನಾರ ಕೇಳು."

ಯಾರನ್ನು ಕೇಳಿದರೂ ಹಾಗೇ ಹೇಳುತ್ತಿದ್ದರು. ದವಡೆ ಊದಿದವರ ಕೊರಳಿಗೆ ಚಿನ್ನದ ಸರ ಹಾಕುವುದರಲ್ಲಿ ಆ ಬೀದಿಯ ಕನ್ನಡದವರು, ತಮಿಳರು, ತೆಲುಗರು ಎಲ್ಲರದೂ ಒಂದೇ ಮತ.

"ಡಾಕ್ಟ್ರು ಕೇಳಿ ನಕ್ಕುಬಿಟ್ರಮ್ಮಾ. ಇದು ಮಂಗನಬಾವೇ ಅಲ್ವಂತೆ" ಎಂದು ಮೇಷ್ಟರು ಹೇಳಿ ಮುಗಿಸುವಷ್ಟರಲ್ಲಿ ತುಳಸಮ್ಮನ ಸರ ಅವರ ಕೊರಳಲ್ಲಿತ್ತು. ಜಾರಿಬಿದ್ದೀತೆಂದು ಆಕೆ ಕೊಕ್ಕೆಯನ್ನು ಹಲ್ಲಲ್ಲಿ ಕಚ್ಚಿ ಭದ್ರ ಮಾಡಿದರು. ಕಾಫಿಗಿಂತ ಇದು ವಾಸಿ, ದಾರಿಯಲ್ಲಿ ಬಿಚ್ಚಿ ಜೇಬಿಗಿಟ್ಟುಕೊಂಡರಾಯಿತು ಎಂದು ಮೇಷ್ಟರು ಬೀರೇಶನ ಆಟೋ ಹತ್ತಿದರು.

ಕೊಕ್ಕೆ ಬಿಚ್ಚಲಿಲ್ಲ, ಗಿಡ್ಡ ಸರ ತಲೆ ದಾಟಿಯೂ ಬರಲಿಲ್ಲ. ಸಿಗ್ನಲ್ಲಿನಲ್ಲಿ ಬೀರೇಶ ಸ್ಪ್ಯಾನರ್ ಹಿಡಿದು ಹಿಂದಿನ ಸೀಟಿಗೇ ಬಂದ.

"ಅಲ್ಲಾಡ್ಬೇಡಿ ಸಾರ್, ಒಂದೇ ನಿಮಿಷ."

ಹಿಂದಿನ ಲಾರಿ, ಬಸ್ಸುಗಳೆಲ್ಲ ಹಾರನ್ ಹೊಡೆದವು. ಬೈಕಿನವನೊಬ್ಬ ಚಿನ್ನದ ಸರ, ಸ್ಪ್ಯಾನರ್, ಕಣ್ಣು ಮೇಲೆ ಮಾಡಿದ ಮೇಷ್ಟರು ಮೂರನ್ನೂ ಒಟ್ಟಿಗೆ ನೋಡಿ, "ತಿರುಡನ್! ತಿರುಡನ್! ಕಳ್ಳ ಕಣ್ರೋ!" ಎಂದು ಕೂಗಿದ. ಸೇರಿದ ಜನಕ್ಕೆ ವಿಷಯ ತಿಳಿಸಲು ಮೇಷ್ಟರು ಬಾಯಿ ತೆರೆದರೆ ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಬೀರೇಶ ಎರಡು ಏಟು ತಿಂದ ಮೇಲೆ ಮೇಷ್ಟರೇ ಅಡ್ಡ ನಿಂತು ಕೈಮುಗಿದು ಅವನನ್ನು ಬಿಡಿಸಿಕೊಂಡರು, ಆಟೋ ಹೊರಟಿತು.

ಆಸ್ಪತ್ರೆಯಲ್ಲಿ ನರ್ಸ್ ಕಲ್ಪನಾ ಸರ ನೋಡಿ ಹಣೆ ಚಚ್ಚಿಕೊಂಡಳು.

"ಪಾಠ ಹೇಳೋ ವಾತ್ಯಾರು ನೀವೇ ಹಿಂಗಾದ್ರೆ ಹೆಂಗೆ ಸಾರ್? ಮೈಮೇಲೆ ಒಡವೆ ಇದ್ರೆ ಒಳಗೆ ಬಿಡಲ್ಲ."

ಎಣ್ಣೆ ಆಯಿತು, ಸೋಪು ಆಯಿತು. ಕೊನೆಗೆ ಹಲ್ಲಿನ ತಂತಿ ಕತ್ತರಿಸುವ ಕಟರ್ ಬಂತು.

"ಕತ್ತರಿಸ್ಲಾ? ಇಲ್ಲ ಹದಿನೈದು ದಿನ ಬಿಟ್ಟು ಬರ್ತೀರಾ?"

ಮೇಷ್ಟರ ಕಣ್ಣೆದುರು ಮೊದಲು ತುಳಸಮ್ಮ ಬಂದರು. ಹಿಂದೆಯೇ ಇಡೀ ಏಳನೇ ತರಗತಿ ಬಂತು.

"ಕತ್ತರಿಸಮ್ಮಾ."

ಟಕ್ ಎಂದಿತು. ಮೇಷ್ಟರು ಹಸಿರು ಗೌನು ತೊಟ್ಟು ಮಂಚದ ಮೇಲೆ ಮಲಗಿದರು. ತಿಂಗಳುಗಳ ನಂತರ ಮೊದಲ ಸಲ ಅವರಿಗೆ ನಿಜವಾಗಿ ಸಂತೋಷವಾಯಿತು. ಆಗ ಕಲ್ಪನಾಳ ಫೋನಿಗೆ ವಿಡಿಯೋ ಕಾಲ್ ಬಂತು. ಆಕೆ ನೋಡಿದಳು, ತುಟಿ ಕಚ್ಚಿಕೊಂಡಳು, ಫೋನನ್ನು ಮೇಷ್ಟರ ಮುಖದ ಮುಂದೆ ಹಿಡಿದಳು.

ಪರದೆಯ ಮೇಲೆ ಡಾಕ್ಟರ್ ಮುರಳಿ. ಎರಡು ಕೆನ್ನೆಯೂ ಬನ್ನಿನ ಹಾಗೆ ಊದಿದ್ದವು.

"ಸಾರಿ ಮೇಷ್ಟ್ರೇ, ನನ್ ಮಗನಿಂದ ಮಂಗನಬಾವು ಅಂಟ್ಕೊಂಡಿದೆ. ಮುಂದಿನ ಸಲ ನೋಡೋಣ."

ಅವರ ಕೊರಳಲ್ಲಿ ಎರಡೆಳೆಯ ಚಿನ್ನದ ಸರ ಹೊಳೆಯುತ್ತಿತ್ತು. ಮೇಷ್ಟರು ಅದನ್ನೇ ನೋಡುತ್ತಿದ್ದುದು ಕಂಡು ಡಾಕ್ಟರು ತಲೆ ತಗ್ಗಿಸಿದರು.

"ನಮ್ಮಮ್ಮ ಕೇಳಲ್ಲ ಮೇಷ್ಟ್ರೇ."

ತುಂಡಾದ ಸರವನ್ನು ಮಾತ್ರೆ ಕವರಿನಲ್ಲಿಟ್ಟುಕೊಂಡು ಮೇಷ್ಟರು ಮನೆಗೆ ಬಂದರು. ಸುಳ್ಳು ಹೇಳಲು ಬಾರದ ಪ್ರಾಣಿ, ನಡೆದದ್ದನ್ನೆಲ್ಲ ಒಪ್ಪಿಸಿಬಿಟ್ಟರು. ತುಳಸಮ್ಮ ಬೈಯಲಿಲ್ಲ. ಅವರ ಮುಖ ಅರಳಿತು.

"ಡಾಕ್ಟ್ರೇ ಹಾಕ್ಕೊಂಡವ್ರಾ?" ಎಂದವರು ಒಳಗೆ ಹೋಗಿ ಮೂರೆಳೆಯ ಸರ ತಂದು ಮೇಷ್ಟರ ಕೊರಳಿಗೆ ಹಾಕಿದರು. ಈ ಸಲ ಕೊಕ್ಕೆಯನ್ನು ಎರಡು ಸಲ ಕಚ್ಚಿದರು.

"ಹದಿನೈದು ದಿನ ಬಿಚ್ಚಂಗಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಪಾಪ, ಮೊದ್ಲು ಕಾಫಿ ಕುಡಿ."

ಮೇಷ್ಟರು ಕುಡಿದರು.