ಒಲೆ ಮುಂದಿನ ಇಂಗ್ಲಿಷ್

ರಂಜಿತಾಳ ಹೊಟ್ಟೆ ಉರಿಯಲು ಶುರುವಾದದ್ದು ಮೈದುನ ಕುಮಾರ್ ಬಿ.ಎ. ಓದಿದ ಹೆಂಡತಿಯನ್ನು ದಂಡಿಗನಹಳ್ಳಿಗೆ ತಂದ ದಿನ. ಮನೆಗೆ ಯಾರೇ ಬರಲಿ, ವಾರಗಿತ್ತಿ ಶೋಭಿತಾ ಜಗಲಿಯಲ್ಲಿ ಕೂತು ಇಂಗ್ಲಿಷ್ ಉದುರಿಸುವಳು. ಶಾಲೆಯನ್ನು ಅರ್ಧಕ್ಕೇ ಬಿಟ್ಟ ರಂಜಿತಾ ಒಳಗೆ ಮುದ್ದೆ ತಿರುವುವಳು.

"ನಮ್ಮ ಚಿಕ್ಕಸೊಸೆ ಬಾಯಿ ಬುಟ್ರೆ ಇಂಗ್ಲೀಸು ಕಣವ್ವಾ" ಎಂದು ಅತ್ತೆ ಲಕ್ಕಮ್ಮ ಬೀದಿಗೆಲ್ಲ ಸಾರುತ್ತಿದ್ದರು. ಮುದ್ದೆಯ ಬಗ್ಗೆ ಯಾರೂ ಸಾರಲಿಲ್ಲ.

ರಂಜಿತಾ ಹಿಟ್ಟಿನ ಡಬ್ಬಕ್ಕೆ ಮೊಬೈಲ್ ಒರಗಿಸಿ, ಮುದ್ದೆ ತಿರುವುತ್ತಲೇ ದೊಡ್ಡ ದೊಡ್ಡ ಪದ ಕಲಿತಳು. ಅರ್ಥ ಮರೆಯದಂತೆ ಒಂದೊಂದನ್ನೂ ಮನೆಯವರಿಗೆ ಕಟ್ಟಿದಳು. ಮೆಟಿಕ್ಯುಲಸ್ ಎಂದರೆ ಅಕ್ಕಿಯಲ್ಲಿ ಕಲ್ಲು ಆರಿಸುವ ಅತ್ತೆ. ಆಬ್‌ಸ್ಟಿನೇಟ್ ಎಂದರೆ ಎಷ್ಟು ಎಳೆದರೂ ಏಳದ ಹಸು. ಲೆಥಾರ್ಜಿಕ್ ಎಂದರೆ ಗಂಡ ಅನಿಲ್‌ಕುಮಾರ್.

ಅವರೆಕಾಯಿ ಕಾಲ. ಆ ಭಾನುವಾರ ಲಕ್ಕಮ್ಮನ ಅಣ್ಣನ ಮಗಳು, ಹಾಸನದ ಕಾಲೇಜಲ್ಲಿ ಇಂಗ್ಲಿಷ್ ಹೇಳಿಕೊಡುವ ಕವನಾ, ಊಟಕ್ಕೆ ಬಂದಳು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ರಂಜಿತಾ ಮುದ್ದೆ ಕೋಲನ್ನು ಶೋಭಿತಾಳ ಕೈಗಿಟ್ಟಳು.

"ಇವತ್ತೊಂದಿನ ನೀನು ತಿರುವಮ್ಮ. ನಂಗೆ ತೋಳು ನೋಯ್ತದೆ."

ಮುದ್ದೆ ಗಂಟುಗಂಟಾಗಲಿ, ಬಿ.ಎ. ಮರ್ಯಾದೆ ತಟ್ಟೆಯಲ್ಲೇ ಹೋಗಲಿ ಎಂಬುದು ಒಳಗಿನ ಆಸೆ.

ಜಗಲಿಗೆ ಬಂದ ರಂಜಿತಾ ಕವನಾಳ ಮುಂದೆ ಮದುವೆ ಮನೆ ವಾಲಗದಂತೆ ಶುರುಮಾಡಿದಳು: "ಮೈ ಮದರ್ ಇನ್ ಲಾ ಈಸ್ ಮೆಟಿಕ್ಯುಲಸ್. ಅವರ್ ಕೌ ಈಸ್ ಆಬ್‌ಸ್ಟಿನೇಟ್."

ಬೇಲಿಯಾಚೆಯಿಂದ ಪಕ್ಕದ ಮನೆ ದ್ಯಾವಯ್ಯ ಇಣುಕಿದ. "ಅಯ್ಯೋ, ಅಸೀಗೆ ಅದ್ಯಾವ ಕಾಯ್ಲೆ ಬಂತವ್ವಾ? ಡಾಕ್ಟ್ರಿಗೆ ಪೋನ್ ಮಾಡ್ತೀನಿ ಇರು."

ಬೇಡ ಎನ್ನುವಷ್ಟರಲ್ಲಿ ಮಾಡಿಯೇಬಿಟ್ಟ. ದನದ ಡಾಕ್ಟರು ಬಂದರು, ಬಾಲ ಎತ್ತಿದರು, ಒದೆ ತಿಂದರು.

"ಭಾರಿ ಆಬ್‌ಸ್ಟಿನೇಟ್ ಕಣ್ರೀ!" ಎಂದರು ಮೊಣಕಾಲು ಉಜ್ಜಿಕೊಳ್ಳುತ್ತ.

ಕವನಾ ಚಪ್ಪಾಳೆ ತಟ್ಟಿದಳು. "ಅತ್ತೆ, ನಿಮ್ಮ ದೊಡ್ಡಸೊಸೆ ಸರಿಯಾಗೇ ಹೇಳಿದ್ರು! ಎಷ್ಟು ಚೆನ್ನಾಗಿ ಕಲ್ತಿದಾರೆ!"

ರಂಜಿತಾ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿದಳು. ಇನ್ನು ಮುದ್ದೆಯಲ್ಲಿ ಗಂಟು ಸಿಗುವುದೊಂದೇ ಬಾಕಿ.

ಡಾಕ್ಟರೂ ಸೇರಿ ಎಲ್ಲರೂ ಊಟಕ್ಕೆ ಕೂತರು. ಕವನಾ ಮುದ್ದೆ ಮುರಿದು ಸಾರಿಗದ್ದಿ ನುಂಗಿದಳು.

"ಬೆಣ್ಣೆ ಕಣತ್ತೆ! ಯಾರು ಮಾಡಿದ್ದು?"

ಶೋಭಿತಾ ನಾಚಿಕೊಂಡಳು. "ಅಕ್ಕ ತಿರುವೋದನ್ನ ದಿನಾ ಬಾಗಿಲ ಸಂದೀಲಿ ಕದ್ದು ನೋಡ್ತಿದ್ದೆ. ನಂಗೆ ಬರಲ್ವಲ್ಲಾ ಅಂತ ಹೊಟ್ಟೆ ಉರಿಯೋದು."

ಎಂದೂ ಎರಡನೇ ಮುದ್ದೆ ಕೇಳದ ಅನಿಲ್‌ಕುಮಾರ್ ತಟ್ಟೆ ಮುಂದೆ ತಳ್ಳಿದ. "ಇನ್ನೊಂದು ಆಕಮ್ಮ."

ಲಕ್ಕಮ್ಮ ಹಿಗ್ಗಿ ಹೇಳಿದರು: "ಇಂಗ್ಲೀಸು ಈಗ ಎಲ್ರೂ ಮಾತಾಡ್ತಾರೆ ಬುಡವ್ವ, ನಮ್ಮ ರಂಜಿತಾನೇ ಮಾತಾಡ್ತಾಳೆ. ಗಂಟಿಲ್ದಂಗೆ ಮುದ್ದೆ ತಿರುವೋದು ಯಾರ್ಗೆ ಬತ್ತದೆ?" ಆಮೇಲೆ ಹಿಂದೆ ತಿರುಗಿ, "ಲೇ ರಂಜಿತಾ, ನಿಂತೇ ಇದ್ದೀಯಲ್ಲ? ಮುದ್ದೆ ಪಾತ್ರೆ ಒಣಗೋಯ್ತದೆ, ಉಜ್ಜೋಗು."

ರಂಜಿತಾ ಬಚ್ಚಲಲ್ಲಿ ಕೂತು ತೆಂಗಿನ ನಾರು ಎತ್ತಿಕೊಂಡಳು. ಬೈಯಲು ಒಂದಾದರೂ ಇಂಗ್ಲಿಷ್ ಪದಕ್ಕೆ ತಡಕಾಡಿದಳು. ಬಾಯಿಗೆ ಬಂದದ್ದೆಲ್ಲ ಕನ್ನಡವೇ.